ಎದೆಯ ಚಿತ್ರಕ್ಕಾಗಿ ಮುಂಬಯಿಗೆ ಹೋಗುವವರ ಮಕ್ಕಳಿಗೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿ, ಅಲ್ಲಿಯ ಪೌರತ್ವವನ್ನು ಪಡೆದು, ಊರಿನಲ್ಲಿರುವ ತಂದೆತಾಯಿಗಳನ್ನು ಕಾಯಂ ಆಗಿ ತಮ್ಮ ಬಳಿಗೆ ಬರಮಾಡಿಕೊಳ್ಳಲು ಅರ್ಜಿ ಸಲ್ಲಿಸಿರುವ ಕನ್ನಡದ ಮಕ್ಕಳೆಲ್ಲರಿಗೆ, ಧಾರವಾಡದ ಒಬ್ಬ ನಿವೃತ್ತ ಅಧ್ಯಾಪಕನ ಆಶೀರ್ವಾದಪೂರ್ವಕ ನಿವೇದನೆ.

ನಿಮ್ಮಲ್ಲಿ ಬಹುಮಂದಿಯನ್ನು ನಾನು ಕಂಡವನಲ್ಲ. ಆದರೆ ನಿಮ್ಮ ತಂದೆತಾಯಿಗಳಲ್ಲಿ ಕೆಲವರನ್ನು ಬಲ್ಲೆ. ನಾನೂ ನನ್ನ ಪತ್ನಿಯೂ ಮುಂಬಯಿಗೆ ಹೋಗಿ ವಲಸೆ ವೀಸಾದ ವೈದ್ಯಕೀಯ ತಪಾಸಣೆಯನ್ನು ಮುಗಿಸಿಕೊಂಡು ಬಂದೆವೆಂಬ ವರ್ತಮಾನವು ನಮ್ಮ ಓಣಿಯನ್ನು ದಾಟಿ ಹರಡಿದಂದಿನಿಂದ, ಅದೇ ದಾರಿ ಹಿಡಿಯಬೇಕಾದ ಹಿರಿಯರು ಪ್ಲಾಸ್ಟಿಕ್ ಫೈಲೊಂದನ್ನು ಎದೆಗವಚಿಕೊಂಡು ನಮ್ಮ ಪಡಸಾಲೆಗೆ ಬಂದು ಕೂಡುತ್ತಾರೆ. ಚಹಾ ಕುಡಿದು, ಮಳೆ ಬೆಳೆಗಳ ಮಾತು ಮುಗಿದು, ಇನ್ನೇನು ಏಳಬೇಕೆನ್ನುವಾಗ ಬಂದ ಕಾರ್ಯವನ್ನು ಹೊರಗೆಡಹುತ್ತಾರೆ. ಅವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ನಿಮ್ಮನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಮಗನ ಕೆಲಸದ ನಡುವೆ ತೊಂದರೆ ಯಾಕೆಂಬ ಸಂಕೋಚ ಒಂದು ಕಡೆಗೆ. ತಮ್ಮ ಅಂಜಿಕೆ ತಿಳಿದರೆ ಮಗಳ ಉತ್ಸಾಹ ಕುಂದೀತೆಂಬ ಕಾಳಜಿ ಇನ್ನೊಂದು ಕಡೆಗೆ. ಆದಕಾರಣ ಅವರ ಪರವಾಗಿ, ಅವರ ಅಪ್ಪಣೆಯಿಲ್ಲದೆಯೇ, ಈ ಪತ್ರವನ್ನು ಬರೆಯುತ್ತಿದ್ದೇನೆ.

ಕಾಗದಪತ್ರಗಳ ವಿಷಯದಲ್ಲಿ ನಿಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಅರ್ಜಿ, ಆದಾಯದ ಪ್ರಮಾಣಪತ್ರ, ಮನೆಯಲ್ಲಿಯೇ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿ ಯಾವ ದಫ್ತರದಲ್ಲಿಯೂ ದಾಖಲಾಗದ ತಾಯಿಯ ಜನನಕ್ಕೆ ಸಾಕ್ಷಿ ಹೇಳುವ ಬಂಧುಗಳ ಅಫಿಡವಿಟ್ಟು, ಇವೆಲ್ಲವನ್ನೂ ನೀವು ಹಗಲಿರುಳು ಶ್ರಮಿಸಿ ಜೋಡಿಸಿರುತ್ತೀರಿ. ಆ ಯಾದಿಯ ಕೊನೆಯಲ್ಲಿ, ಸಂದರ್ಶನಕ್ಕಿಂತ ಒಂದು ಸಾಲು ಮೇಲೆ, ‘ಮೆಡಿಕಲ್’ ಎಂದು ಒಂದೇ ಪದವಿರುತ್ತದೆ. ನಿಮಗೆ ಅದು ಗುರುತು ಹಾಕಿ ಮುಂದೆ ಸಾಗಬೇಕಾದ ಒಂದು ಚೌಕ. ಅವರಿಗಾದರೋ ಅದು ಅರಿಯದ ನಗರದಲ್ಲಿ, ಅರಿಯದ ವೈದ್ಯನ ಎದುರಿನಲ್ಲಿ, ಎಪ್ಪತ್ತು ವರ್ಷ ಬಾಳಿದ ದೇಹವನ್ನು ಬಿಚ್ಚಿ ತೋರಿಸಬೇಕಾದ ಪ್ರಸಂಗ. ಮೊಮ್ಮಕ್ಕಳನ್ನು ನೋಡಲೆಂದು ಪ್ರವಾಸಿ ವೀಸಾದ ಮೇಲೆ ಹಿಂದೆ ಅಲ್ಲಿಗೆ ಬಂದುಹೋದಾಗ ಯಾರೂ ಅವರ ನಾಡಿ ಹಿಡಿದಿರಲಿಲ್ಲ. ಈಗ ಮಾತ್ರ ಏಕೆ ಎಂಬುದು ಅವರ ಮೊದಲನೆಯ ಪ್ರಶ್ನೆ. ಬಂದು ಹೋಗುವವನಿಗೂ ಬಂದು ನೆಲಸುವವನಿಗೂ ಆ ದೇಶದ ಕಾನೂನು ಬೇರೆ ಬೇರೆ ಅಳತೆಗೋಲು ಇಟ್ಟಿದೆಯೆಂಬ ಇಷ್ಟು ಸರಳವಾದ ಸಂಗತಿಯನ್ನು ಅವರಿಗೆ ಹೇಳಿದವರಿಲ್ಲ.

ಹೇಳದಿದ್ದುದರ ಫಲವಾಗಿ ಅವರು ತಮಗೆ ತೋಚಿದಂತೆ ಊಹಿಸಿಕೊಂಡಿದ್ದಾರೆ. ಶಾಲೆಯ ಪರೀಕ್ಷೆಯಂತೆ ಇದರಲ್ಲಿಯೂ ಪಾಸು ನಾಪಾಸುಗಳುಂಟೆಂದೂ, ಸಕ್ಕರೆ ಕಾಯಿಲೆಯವರು ನಾಪಾಸಾಗುವರೆಂದೂ ಅವರ ದೃಢವಾದ ನಂಬಿಕೆ. ಒಬ್ಬರು ತಪಾಸಣೆಗೆ ಮುನ್ನ ಅನ್ನವನ್ನೇ ಬಿಟ್ಟು ಸೊರಗಿದ್ದರು. ರೇಲ್ವೆಯಲ್ಲಿ ಗಾರ್ಡ್ ಆಗಿದ್ದ, ಯಾವುದಕ್ಕೂ ಅಂಜದ ಮತ್ತೊಬ್ಬರು ನನ್ನ ಕಿವಿಯ ಬಳಿ ಬಾಗಿ, “ಸರ, ನನಗ ಸ್ಟೆಂಟ್ ಹಾಕ್ಯಾರ. ಅದು ಎಕ್ಸ್‌ರೇದಾಗ ಕಂಡ್ರ ಹೊಳ್ಳಿ ಕಳಸ್ತಾರೇನ್ರಿ?” ಎಂದು ಕೇಳಿದರು. ಆ ಪ್ರಶ್ನೆಯನ್ನು ಅವರು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ನವೆದಿದ್ದರೆಂಬುದು ಅವರ ದನಿಯಲ್ಲಿಯೇ ತಿಳಿಯುತ್ತಿತ್ತು.

ವಸ್ತುಸ್ಥಿತಿ ಹೀಗಿದೆ. ಕಾನ್ಸುಲೇಟಿನವರು ನಿಯಮಿಸಿದ ವೈದ್ಯರು ಆರೋಗ್ಯವಂತರನ್ನು ಆರಿಸಲು ಕುಳಿತವರಲ್ಲ. ಸಾರ್ವಜನಿಕ ಆರೋಗ್ಯಕ್ಕೆ ಅಪಾಯವೆಂದು ಹೆಸರಿಸಲ್ಪಟ್ಟ ಕೆಲವು ಸಾಂಕ್ರಾಮಿಕ ರೋಗಗಳು, ಇತರರಿಗೆ ಅಥವಾ ತನಗೇ ಹಾನಿ ಮಾಡುವ ವರ್ತನೆಯೊಡನೆ ಕೂಡಿದ ಮನೋವಿಕಾರ ಅಥವಾ ದೇಹವಿಕಾರ, ಮಾದಕ ವಸ್ತುಗಳ ವ್ಯಸನ, ವಿಧಿಸಿದ ಲಸಿಕೆಗಳ ಅಭಾವ, ಇಷ್ಟನ್ನು ಅವರು ‘ಎ’ ವರ್ಗವೆಂದು ಕರೆಯುತ್ತಾರೆ; ವೀಸಾಕ್ಕೆ ನೇರವಾಗಿ ಅಡ್ಡ ಬರುವಂಥದು ಇದೊಂದೇ. ಹೃದ್ರೋಗವಾಗಲಿ, ಮಧುಮೇಹವಾಗಲಿ, ಸವೆದ ಮೊಣಕಾಲಾಗಲಿ ಗಮನಾರ್ಹವಾಗಿದ್ದರೆ ‘ಬಿ’ ವರ್ಗವೆಂದು ಬರೆದುಕೊಳ್ಳುತ್ತಾರೆ, ಅಷ್ಟೆ. ಆ ವೃದ್ಧಾಪ್ಯದ ಚಿಕಿತ್ಸೆಗೆ ಹಣ ಯಾರು ಕೊಡುವರೆಂಬ ಪ್ರಶ್ನೆ ಬೇರೆ ಇದೆ. ಅದನ್ನು ಕೇಳುವವನು ಸಂದರ್ಶನದ ಅಧಿಕಾರಿ, ಉತ್ತರಿಸಬೇಕಾದವರು ನೀವು. ಈಚೆಗೆ ಆ ಪ್ರಶ್ನೆಯನ್ನು ಹಿಂದಿಗಿಂತ ಬಿಗಿಯಾಗಿ ಕೇಳುತ್ತಿರುವುದರಿಂದ ನಿಮ್ಮ ಆದಾಯದ ಕಾಗದಗಳನ್ನೂ ಆರೋಗ್ಯ ವಿಮೆಯ ಏರ್ಪಾಡನ್ನೂ ಗಟ್ಟಿಮಾಡಿಕೊಳ್ಳುವುದು ನಿಮ್ಮ ಹೊಣೆ; ಅದಕ್ಕಾಗಿ ತಂದೆ ಅನ್ನ ಬಿಡಬೇಕಾಗಿಲ್ಲ.

ಈ ತಪಾಸಣೆಯ ಪೂರ್ವೇತಿಹಾಸವನ್ನು ಬಲ್ಲವನಿಗೆ ಇಂದಿನ ವ್ಯವಸ್ಥೆಯ ಮೇಲೆ ಕೋಪ ಅಷ್ಟಾಗಿ ಬಾರದು. 1891ರ ಕಾನೂನು ಅಸಹ್ಯವೂ ಅಪಾಯಕರವೂ ಆದ ಅಂಟುರೋಗಗಳುಳ್ಳವರಿಗೆ ಪ್ರವೇಶವನ್ನು ನಿಷೇಧಿಸಿತು. ಮರುವರ್ಷವೇ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ತಪಾಸಣೆಯ ಠಾಣ್ಯ ತೆರೆಯಿತು. ಹಡಗಿನ ಮೇಲಿನ ಎರಡು ತರಗತಿಗಳ ಪ್ರಯಾಣಿಕರನ್ನು ಹಡಗಿನಲ್ಲಿಯೇ ನೋಡಿ ಬಿಟ್ಟುಬಿಡುತ್ತಿದ್ದರು. ತಳದಲ್ಲಿ ತುಂಬಿಕೊಂಡು ಬಂದ ಬಡವರು ಮಾತ್ರ ದ್ವೀಪದಲ್ಲಿಳಿದು ಸಾಲಾಗಿ ನಡೆಯುತ್ತಿರಲು, ಅವರ ಏದುಸಿರನ್ನೂ ನಡಿಗೆಯ ಕುಂಟನ್ನೂ ಕೆಲವೇ ಕ್ಷಣಗಳಲ್ಲಿ ಅಳೆಯುತ್ತಿದ್ದ ವೈದ್ಯರು ಸಂಶಯ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಿಂದ ಒಂದು ಅಕ್ಷರ ಬರೆಯುತ್ತಿದ್ದರು. ಹೃದಯಕ್ಕೆ ಎಚ್, ಕುಂಟಿಗೆ ಎಲ್, ಕಣ್ಣಿಗೆ ಇ. ಟ್ರಕೋಮವೆಂಬ ನೇತ್ರರೋಗವನ್ನು ಹುಡುಕಲು ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದ ರೆಪ್ಪೆಯನ್ನೇ ಮಗುಚುತ್ತಿದ್ದುದೂ ಉಂಟು. ಪಶ್ಚಿಮ ತೀರದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ದ್ವೀಪದಲ್ಲಿ, 1910ರಿಂದ 1940ರ ವರೆಗೆ ನಡೆದ ಠಾಣ್ಯದ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿಗೆ ಬಂದ ಭಾರತೀಯ ಕೂಲಿಗಳಲ್ಲಿ ಅನೇಕರನ್ನು ಹೊಟ್ಟೆಯಲ್ಲಿ ಕೊಕ್ಕೆಹುಳು ಇದೆಯೆಂಬ ಕಾರಣಕ್ಕೆ ಮರಳಿ ಹಡಗಿಗೆ ಹತ್ತಿಸಿದರು. ಬರಿಗಾಲಿನಲ್ಲಿ ಹೊಲದಲ್ಲಿ ನಡೆಯುವವನಿಗೆ ಆ ಹುಳು ಹತ್ತುವುದು ಸಹಜ, ಅದಕ್ಕೆ ಆಗಲೇ ಔಷಧವೂ ಇತ್ತು. ಆದರೆ ಬಾಗಿಲು ಮುಚ್ಚಬೇಕೆಂದು ನಿಶ್ಚಯಿಸಿದವನಿಗೆ ಹುಳುವೂ ಒಂದು ಅಗುಳಿಯಾಗುತ್ತದೆ. 1917ರಲ್ಲಿ ಅಂಥ ನೆವವೂ ಬೇಡವಾಗಿ ಏಷ್ಯಾದ ಬಹುಭಾಗಕ್ಕೆ ಕಾನೂನೇ ಅಡ್ಡಗಟ್ಟಿತು. 1946ರಲ್ಲಿ ವರ್ಷಕ್ಕೆ 100 ಮಂದಿ ಭಾರತೀಯರು ಬರಬಹುದೆಂದು ಸಂದು ತೆರೆಯಿತು. 1965ರ ಕಾನೂನಿನ ಅನಂತರವಷ್ಟೆ ನಿಮ್ಮಂಥವರ ಅರ್ಜಿಗಳಿಗೆ ಅವಕಾಶವಾದದ್ದು. ಈ ನಡುವೆ, ವಲಸಿಗರು ಹೊರಡುವ ಮೊದಲೇ ತಮ್ಮ ದೇಶದ ಕಾನ್ಸುಲೇಟಿನಲ್ಲಿ ವೀಸಾ ಪಡೆದು ತರಬೇಕೆಂದು 1924ರ ಕಾನೂನು ಗೊತ್ತುಮಾಡಿದ ಮೇಲೆ ತಪಾಸಣೆಯೂ ಕ್ರಮೇಣ ಇತ್ತ ಕಡೆಯ ದಡಕ್ಕೆ ಬಂದಿತು. ಸಮುದ್ರ ದಾಟಿದ ಮೇಲೆ ಹಿಂದಕ್ಕಟ್ಟಿಸಿಕೊಳ್ಳುವುದಕ್ಕಿಂತ ತಪಾಸಣೆಗೆಂದು ಮುಂಬಯಿಯ ದಾದರಿಗೆ ಹೋಗಿ ಬರುವುದು ಲೇಸೆಂದು ನಾನು ನಮ್ಮ ಓಣಿಯವರಿಗೆ ಸಮಾಧಾನ ಹೇಳುವುದುಂಟು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮಲ್ಲಿ ಕೆಲವರು ಫೋನಿನಲ್ಲಿ ತಂದೆತಾಯಿಗಳಿಗೆ ಕೊಡುವ ಒಂದು ಉಪದೇಶ ನನ್ನ ಕಿವಿಗೂ ಬಿದ್ದಿದೆ: “ಅವ್ವಾ, ಹಳೇ ರೋಗದ ಸುದ್ದಿ ಏನೂ ತಗೀಬ್ಯಾಡ.” ಹಳೆಯ ರೋಗವೆಂದರೆ ಕ್ಷಯ. ನಮ್ಮ ತಲೆಮಾರಿನಲ್ಲಿ ಆ ರೋಗ ಮುಟ್ಟದ ಮನೆ ಅಪೂರ್ವ. ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂನಂಥ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದವರು, ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದನ್ನು ದಿನಂಪ್ರತಿ ತೆಗೆದುಕೊಂಡು ಕಿವಿ ಮಂದವಾದವರು, ಮದುವೆಯ ಮಾತುಕತೆ ಮುರಿದೀತೆಂದು ರೋಗವನ್ನು ಬಚ್ಚಿಟ್ಟೇ ಗುಣಪಡಿಸಿಕೊಂಡ ಹೆಣ್ಣುಮಕ್ಕಳು, ಇವರೆಲ್ಲ ಇಂದು ನಿಮ್ಮ ಅಜ್ಜಿ ತಾತಂದಿರ, ತಂದೆತಾಯಿಗಳ ಸ್ಥಾನದಲ್ಲಿದ್ದಾರೆ. ಬಾಯಿ ಮುಚ್ಚಿಕೊಂಡರೆ ಶ್ವಾಸಕೋಶ ಸುಮ್ಮನಿರುವುದೆ? ಗುಣವಾದ ಕ್ಷಯವು ಬಿಟ್ಟುಹೋದ ಕಲೆ ಐವತ್ತು ವರ್ಷಗಳ ಅನಂತರವೂ ಎಕ್ಸ್‌ರೇಯಲ್ಲಿ ಕಾಣುತ್ತದೆ. ಹದಿನೈದು ವರ್ಷಕ್ಕೆ ಮೇಲ್ಪಟ್ಟ ಎಲ್ಲರಿಗೂ ಆ ಎಕ್ಸ್‌ರೇ ಕಡ್ಡಾಯ.

ಕಲೆ ಹಳೆಯದೋ, ಒಳಗೆ ಇನ್ನೂ ಕ್ರಿಮಿ ಇದೆಯೋ ಎಂಬುದನ್ನು ಚಿತ್ರ ಮಾತ್ರದಿಂದ ಹೇಳಲಾಗುವುದಿಲ್ಲ. ಆಗ ವೈದ್ಯರು ಒಂದರ ಹಿಂದೊಂದರಂತೆ ಮೂರು ಬೆಳಗ್ಗೆ ಕಫವನ್ನು ಕೊಡಲು ಹೇಳುತ್ತಾರೆ; ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದಲ್ಲದೆ ಪ್ರಯೋಗಶಾಲೆಯಲ್ಲಿ ಬೆಳೆಯಲು ಇಡುತ್ತಾರೆ. ಬೇರೆ ಅನೇಕ ಕ್ರಿಮಿಗಳು ಅರ್ಧ ಗಂಟೆಯೊಳಗೆ ಒಂದು ಎರಡಾದರೆ ಕ್ಷಯದ ಕ್ರಿಮಿಗೆ ಅದೇ ಕಾರ್ಯಕ್ಕೆ 15ರಿಂದ 20 ಗಂಟೆ ಬೇಕು. ಆ ಸೋಮಾರಿ ಬೆಳೆಯದೆಂದು ಖಚಿತವಾಗಲು ಆರರಿಂದ ಎಂಟು ವಾರ ಕಾಯಲೇಬೇಕು. ಇದರಲ್ಲಿ ದುರುದ್ದೇಶವಿಲ್ಲ. ಕಫದ ಪರೀಕ್ಷೆಯ ಮಹತ್ವವನ್ನು ನಮ್ಮ ದೇಶದ ಕ್ಷಯ ನಿಯಂತ್ರಣಕ್ಕೆ ಮನಗಾಣಿಸಿದ್ದು 1959ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಕ್ರಿಮಿ ಬೆಳೆಯದಿದ್ದರೆ ದಾರಿ ತೆರೆಯುತ್ತದೆ. ಬೆಳೆದರೆ ಚಿಕಿತ್ಸೆ ಮುಗಿಸಿ ಹೋಗಬಹುದು. ಎರಡರಲ್ಲಿಯೂ ರೋಗಿಗೆ ಕೆಡುಕಿಲ್ಲ. ಆದರೆ ರೋಗವಿರಲಿಲ್ಲವೆಂದು ಬೇಕೆಂದೇ ಸುಳ್ಳು ಹೇಳಿ ಸಹಿ ಮಾಡಿದರೆ ಆ ಸುಳ್ಳೇ ವೀಸಾಕ್ಕೆ ಕಾಯಂ ಅಡ್ಡಿಯಾಗಬಲ್ಲದು. ಗುಣವಾಗುವ ರೋಗವನ್ನು ಮುಚ್ಚಿ, ಗುಣವಾಗದ ಅಪರಾಧವನ್ನು ತಾಯಿಯ ತಲೆಗೆ ಕಟ್ಟುವ ಈ ಬುದ್ಧಿವಂತಿಕೆಯನ್ನು ದಯವಿಟ್ಟು ಬಿಡಿ. ಹಳೆಯ ಚೀಟಿ, ಹಳೆಯ ಫಿಲ್ಮು, ಯಾವ ಊರಿನ ಯಾವ ದವಾಖಾನೆಯೆಂಬ ನೆನಪು, ಏನು ಸಿಕ್ಕಿದರೂ ಕೂಡಿಸಿ ಕೈಗೆ ಕೊಟ್ಟು ಕಳುಹಿಸಿ; ಹಿಂದಿನ ಫಿಲ್ಮಿನೊಡನೆ ಇಂದಿನದನ್ನು ಹೋಲಿಸಿ ನೋಡುವುದು ವೈದ್ಯನಿಗೆ ನಿಜಕ್ಕೂ ಉಪಕಾರ.

ಈ ಎಂಟು ವಾರಗಳ ಲೆಕ್ಕವನ್ನು ಅರಿಯದವರು ಸೋಮವಾರ ತಪಾಸಣೆ, ಗುರುವಾರ ಸಂದರ್ಶನ, ಶುಕ್ರವಾರ ಹಿಂದಿರುಗುವ ವಿಮಾನ ಎಂದು ಟಿಕೀಟು ತೆಗೆದಿಡುತ್ತಾರೆ. ನಿಯಮಿಸಿದ ವೈದ್ಯರು ದೇಶದ ಕೆಲವೇ ನಗರಗಳಲ್ಲಿರುವುದರಿಂದಲೂ, ವಲಸೆ ವೀಸಾದ ಸಂದರ್ಶನ ಹೇಗೂ ಮುಂಬಯಿಯಲ್ಲಿಯೇ ಆಗಬೇಕಾದ್ದರಿಂದಲೂ, ನಮ್ಮ ಕಡೆಯವರು ಎರಡನ್ನೂ ಒಂದೇ ಪ್ರಯಾಣದಲ್ಲಿ ಮುಗಿಸಲು ಬಯಸುವುದು ಸ್ವಾಭಾವಿಕ. ಹಾಗಿದ್ದರೂ ನಡುವೆ ಕೆಲವು ದಿನಗಳ ಬಿಡುವಿರಲಿ. ಮೂರು ಬೆಳಗಿನ ಕಫ ಕೊಡಬೇಕಾದೀತೆಂಬ ಸಾಧ್ಯತೆಯನ್ನು ಮೊದಲೇ ತಿಳಿಸಿಡಿ. ಎಪ್ಪತ್ತು ದಾಟಿದವರನ್ನು ರಾತ್ರಿಯ ರೈಲಿನಿಂದ ಇಳಿಸಿ ನೇರವಾಗಿ ರಕ್ತದೊತ್ತಡದ ಯಂತ್ರದ ಮುಂದೆ ಕೂರಿಸಿದರೆ ಆ ಯಂತ್ರ ಏನು ತೋರಿಸೀತೆಂದು ಊಹಿಸಲು ವೈದ್ಯನಾಗಬೇಕಿಲ್ಲ.

ವಸತಿಯ ವಿಚಾರದಲ್ಲಿ ನನ್ನದೊಂದು ಪಕ್ಷಪಾತವುಂಟು. ಕಾನ್ಸುಲೇಟು 2011ರಲ್ಲಿ ಬ್ರೀಚ್ ಕ್ಯಾಂಡಿಯ ಸಮುದ್ರದಂಚಿನ ಹಳೆಯ ಅರಮನೆಯನ್ನು ಬಿಟ್ಟು ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಸ್ಥಳಾಂತರವಾಗಿದೆ. ಅದರ ಸುತ್ತಲಿನ ಗಾಜಿನ ಸೌಧಗಳ ನಡುವೆ ನೀವು ಗಣಕಯಂತ್ರದಲ್ಲಿ ಹುಡುಕಿ ಕಾದಿರಿಸುವ ಹೋಟೆಲುಗಳು ಭವ್ಯವಾಗಿರಬಹುದು, ಆದರೆ ಅಲ್ಲಿ ಬೆಳಗ್ಗೆ ಆರಕ್ಕೆ ಎದ್ದು ಕೂತ ಮುದುಕನಿಗೆ ಮಾತನಾಡಿಸುವವರಿಲ್ಲ, ಕಾಲು ಚಾಚಿ ನಡೆಯುವ ಓಣಿಯಿಲ್ಲ. ಅದರ ಬದಲು ಮಾಟುಂಗದಲ್ಲಿ ಒಂದು ಸಾಧಾರಣ ಕೋಣೆ ಹಿಡಿದುಕೊಡಿ. ದಾದರಿನಿಂದ ಕೂಗಳತೆಯ ದೂರ. ಉಡುಪಿಯವರ ಇಡ್ಲಿ, ರಾಮಾ ನಾಯಕರ ಊಟದ ಮನೆಯ ಬಾಳೆಲೆ, ಮೈಸೂರು ಅಸೋಸಿಯೇಷನ್ನಿನ ಕನ್ನಡದ ಫಲಕ, ಹೂವಿನ ಅಂಗಡಿಗಳ ಸಾಲು. ತಪಾಸಣೆಯ ಹಿಂದಿನ ಸಂಜೆ ನನ್ನ ಪತ್ನಿ ಅಲ್ಲಿ ಸೇವಂತಿಗೆ ಮಾಲೆಯ ಬೆಲೆಯನ್ನು ಕನ್ನಡದಲ್ಲಿಯೇ ಚೌಕಾಸಿ ಮಾಡಿ ಗೆದ್ದ ಮೇಲೆ ಆಕೆಯ ಮುಖದಲ್ಲಿ ಕಂಡ ಕಳೆಯನ್ನು ಯಾವ ನಕ್ಷತ್ರಾಂಕಿತ ಹೋಟೆಲೂ ಕೊಡಲಾರದು.

ದವಾಖಾನೆಯ ಒಳಗಿನ ವ್ಯವಹಾರವನ್ನು ಮುಂಚಿತವಾಗಿ ಹಂತಹಂತವಾಗಿ ವಿವರಿಸಿದರೆ ಅರ್ಧ ಭಯ ಇಳಿಯುತ್ತದೆ. ಪಾಸ್‌ಪೋರ್ಟು, ಕರೆಯೋಲೆ, ಭಾವಚಿತ್ರ, ಲಸಿಕೆಯ ಚೀಟಿ, ದಿನನಿತ್ಯದ ಔಷಧಗಳ ಯಾದಿ. ಎತ್ತರ, ತೂಕ, ಬಿ.ಪಿ., ಕಣ್ಣು, ವೈದ್ಯರ ಪರೀಕ್ಷೆ, ಎಕ್ಸ್‌ರೇ. ಉಪವಾಸ ಬರಬೇಕೆಂದು ಕರೆಯೋಲೆಯಲ್ಲಿ ಬರೆದಿರದ ಪಕ್ಷದಲ್ಲಿ ತಿಂಡಿ ತಿಂದು, ಮಾತ್ರೆ ನುಂಗಿಯೇ ಹೋಗಬೇಕೆಂದು ಒತ್ತಿ ಹೇಳಿ. ರಕ್ತ ತೆಗೆಯುವರೆಂದೊಡನೆ ಬರಿಹೊಟ್ಟೆಯಲ್ಲಿ ಹೊರಡುವುದು ನಮ್ಮವರಿಗೆ ಅಭ್ಯಾಸವಾಗಿಬಿಟ್ಟಿದೆ, ಇನ್ಸುಲಿನ್ ತೆಗೆದುಕೊಂಡವರಿಗೆ ಅದು ಪ್ರಾಣಾಂತಕವಾಗಬಹುದು.

ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾದ ಒಂದು ಸಂಗತಿಯಿದೆ. ಎಕ್ಸ್‌ರೇ ಕೋಣೆಯ ಹುಡುಗಿ ನಿಲುವಂಗಿಯೊಂದನ್ನು ಕೊಟ್ಟು, ಕೊರಳಿನಲ್ಲಿರುವುದನ್ನೆಲ್ಲ ತೆಗೆಯಿರೆಂದಳು. ಆಕೆಯ ಮಾತಿನಲ್ಲಿ ಅವಿನಯವೇನೂ ಇರಲಿಲ್ಲ. ಲೋಹದ ನೆರಳು ಬಿದ್ದರೆ ಚಿತ್ರ ಕೆಡುತ್ತದೆ. ಆದರೆ ನಮ್ಮ ಸಾಲಿನಲ್ಲಿದ್ದ ರಾಯಚೂರು ಸೀಮೆಯ ಒಬ್ಬ ತಾಯಿ, ಮದುವೆಯ ದಿನ ಕಟ್ಟಿದ ತಾಳಿಯನ್ನು ಹೆರಿಗೆಯಲ್ಲಿಯೂ ಬಿಚ್ಚದವರು, ಬಾಗಿಲಲ್ಲಿಯೇ ನಿಂತುಬಿಟ್ಟರು. ಹೊರಗೆ ಕುಳಿತಿದ್ದ ಅವರ ಪತಿಯ ಮುಖವನ್ನು ನೋಡುವರು, ಕೊರಳನ್ನು ಮುಟ್ಟಿಕೊಳ್ಳುವರು, ಮಾತಿಲ್ಲ. ನನ್ನ ಪತ್ನಿಗೆ ಈ ಸಂಗತಿ ಮೊದಲೇ ತಿಳಿದಿದ್ದುದರಿಂದ ಅರಿಶಿನದ ಕೊಂಬು ಕಟ್ಟಿದ ದಾರಗಳನ್ನು ಊರಿನಿಂದಲೇ ತಂದಿದ್ದಳು. ಒಂದನ್ನು ಆ ತಾಯಿಯ ಕೊರಳಿಗೆ ಕಟ್ಟಿ, ತಾಳಿಯ ಸರವನ್ನು ಬಿಡಿಸಿ ಸೆರಗಿನ ತುದಿಯಲ್ಲಿ ಗಂಟು ಹಾಕಿ ತಾನೇ ಹಿಡಿದುಕೊಂಡಳು. ಹುಡುಗಿ ಕೊಂಬನ್ನು ಭುಜದ ಹಿಂದಕ್ಕೆ ಸರಿಸಿ ಚಿತ್ರ ತೆಗೆದಳು. ಇಷ್ಟೇ ಇದ್ದದ್ದು. ನಿಮ್ಮ ಯಾದಿಯಲ್ಲಿ ಭಾವಚಿತ್ರದ ಅಳತೆ ಇಂಚಿನ ಲೆಕ್ಕದಲ್ಲಿದೆ. ಅರಿಶಿನದ ಕೊಂಬನ್ನೂ ಸೇರಿಸಿ.

ಲಸಿಕೆಯ ಪ್ರಕರಣ ಸ್ವಲ್ಪ ವಿನೋದದ್ದು. 1996ರ ಕಾನೂನಿನಿಂದೀಚೆಗೆ ವಲಸಿಗರು ಗೊತ್ತುಪಡಿಸಿದ ಲಸಿಕೆಗಳನ್ನು ಹಾಕಿಸಿಕೊಂಡಿರಬೇಕು. ಬಾಲ್ಯದಲ್ಲಿ ಏನೇನು ಹಾಕಿಸಿದ್ದರೆಂದು ಕೇಳಿದಾಗ ನಮ್ಮ ವಯಸ್ಸಿನವರಿಗೆ ತೋರಿಸಲು ಇರುವುದು ತೋಳಿನ ಮೇಲಿನ ಸಿಡುಬಿನ ದಾಕಿನ ಗುರುತೊಂದೇ. ಸಿಡುಬೋ 1980ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಗಿ, ಆ ಏಕೈಕ ಪ್ರಮಾಣಪತ್ರ ನಿರುಪಯುಕ್ತವಾಗಿದೆ. ಗಾಬರಿ ಬೇಡ: ಲಸಿಕೆಗಳು ವಯಸ್ಸಿಗೆ ತಕ್ಕಂತೆ ನಿಶ್ಚಿತವಾಗಿವೆ, 1957ಕ್ಕೆ ಮುನ್ನ ಹುಟ್ಟಿದವರಿಗೆ ದಡಾರದ ಲಸಿಕೆಯ ಬಲವಂತವಿಲ್ಲ, ದೇಹಕ್ಕೆ ಒಗ್ಗದ್ದನ್ನು ವೈದ್ಯರು ಬಿಡುತ್ತಾರೆ. ಆದರೆ ನೆರೆಮನೆಯವರ ಹಳೆಯ ಯಾದಿಯನ್ನು ನಂಬಬೇಡಿ. ಕೋವಿಡ್ ಲಸಿಕೆ 2021ರ ಅಕ್ಟೋಬರಿನಲ್ಲಿ ಒಳಗೆ ಬಂದು 2025ರಲ್ಲಿ ಹೊರಗೆ ಹೋಯಿತು, ಎಚ್.ಐ.ವಿ. 2010ರಲ್ಲಿಯೇ ಅಡ್ಡಿಗಳ ಪಟ್ಟಿಯಿಂದ ಬಿದ್ದುಹೋಗಿದೆ. ಹೊರಡುವ ಮುಂಚೆ ಆ ದಿನದ ನಿಯಮವನ್ನು ನೀವೇ ಓದಿ ಕನ್ನಡದಲ್ಲಿ ಹೇಳಿ.

ಜೊತೆಗೆ ಯಾರು ಹೋಗಬೇಕೆಂಬುದರಲ್ಲಿ ನನ್ನ ಅಭಿಪ್ರಾಯ ಕಠಿನವಾಗಿ ಕಂಡರೆ ಕ್ಷಮಿಸಿ. ರಜೆ ಸಿಕ್ಕದೆಂಬುದನ್ನು ನಾನು ಅರಿಯದವನಲ್ಲ. ಆದರೂ ಗೃಹಪ್ರವೇಶಕ್ಕೆ, ಮಿತ್ರನ ಮದುವೆಗೆ ಬರಲು ಸಿಕ್ಕುವ ರಜೆ ಇದಕ್ಕೆ ಸಿಕ್ಕದೆಂದರೆ ಅದು ರಜೆಯ ಕೊರತೆಯಲ್ಲ. ನಿಜವಾಗಿಯೂ ಬರಲಾಗದವರು ಹಿಂದಿ ಇಂಗ್ಲಿಷು ಬಲ್ಲ ಅಳಿಯನನ್ನೋ ಸೋದರಳಿಯನನ್ನೋ ಗೊತ್ತುಮಾಡಿ, ಅವನ ಖರ್ಚನ್ನು ಮುಂಗಡವಾಗಿಯೇ ಕೊಟ್ಟುಬಿಡಿ. ನಿಮ್ಮ ತಂದೆ ಅವನ ಮುಂದೆ ಹಣದ ಮಾತೆತ್ತಲಾರದೆ ಒದ್ದಾಡುವಂತಾಗಬಾರದು. ಸಂದರ್ಶನದ ದಿನ ಮೊಬೈಲನ್ನು ಒಳಗೆ ಬಿಡುವುದಿಲ್ಲ. ಫೋನಿನಲ್ಲಿ ಎಲ್ಲವನ್ನೂ ಹೇಳಿಕೊಡುತ್ತೇನೆಂಬ ನಿಮ್ಮ ಭರವಸೆ ಆ ಬಾಗಿಲಿನಲ್ಲಿಯೇ ನಿಲ್ಲುತ್ತದೆ.

ಕೊನೆಯದಾಗಿ, ನಿಮ್ಮಲ್ಲಿ ಹಲವರು ಲಕ್ಷಿಸದೆ ಇರುವ ಒಂದು ವಿಷಯ. ತಪಾಸಣೆಯ ವರದಿಗೆ ಆಯುಸ್ಸು ಸಾಮಾನ್ಯವಾಗಿ ಆರು ತಿಂಗಳು, ಕೆಲವು ಸಂದರ್ಭಗಳಲ್ಲಿ ಅದಕ್ಕಿಂತಲೂ ಕಡಿಮೆ. ವೀಸಾದ ಅವಧಿಯೂ ಅದನ್ನೇ ಅನುಸರಿಸುತ್ತದೆ. ಅಂದರೆ ನಿಮ್ಮ ತಂದೆತಾಯಿಗಳು ಊರು ಬಿಡುವ ಗಡುವು ಪ್ರಾರಂಭವಾಗುವುದು ಆ ಎಕ್ಸ್‌ರೇ ಕೋಣೆಯಲ್ಲಿ. ಅಷ್ಟರೊಳಗೆ ಮನೆಯನ್ನು ಬಾಡಿಗೆಗೆ ಕೊಡಬೇಕು, ಲಾವಣಿಗೆ ಕೊಟ್ಟ ಹೊಲದ ಲೆಕ್ಕ ತೀರಬೇಕು, ಬ್ಯಾಂಕಿನ ಪುಸ್ತಕ, ಪಿಂಚಣಿ, ಆಕಳು, ತಮ್ಮನ ಮಗಳ ಮದುವೆ, ತಾಯಿಯ ವರ್ಷಾಂತಿಕ. ಸಂದರ್ಶನದ ದಿನವನ್ನು ಗೊತ್ತುಮಾಡುವವರು ಅಮೆರಿಕದ ಅಧಿಕಾರಿಗಳೇ ಆದರೂ, ಕಾಗದಗಳನ್ನು ಎಂದು ಪೂರೈಸಬೇಕೆಂಬುದು ನಿಮ್ಮ ಕೈಯಲ್ಲಿದೆ. ಮುಂದಿನ ಭಾನುವಾರ ಫೋನು ಮಾಡಿದಾಗ ಕಾಗದಗಳ ಮಾತನ್ನು ಬದಿಗಿಟ್ಟು, ಯಾವ ತಿಂಗಳಲ್ಲಿ ಹೊರಟರೆ ಅವರಿಗೆ ಅನುಕೂಲವೆಂದು ಕೇಳಿ; ಹೊರಡಲು ಮನಸ್ಸಿದೆಯೇ ಎಂಬುದನ್ನೂ, ತಂದೆಯನ್ನೊಮ್ಮೆ ತಾಯಿಯನ್ನೊಮ್ಮೆ, ಬೇರೆ ಬೇರೆಯಾಗಿ ಕೇಳಿ.

ಇಂತು ನಿಮ್ಮ ಹಿತಚಿಂತಕ,
ಧಾರವಾಡದ ಒಬ್ಬ ನಿವೃತ್ತ ಅಧ್ಯಾಪಕ